ವಿದೇಶದಲ್ಲಿ ಸ್ವಯಂಸೇವೆ: ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹುಡುಗ ಹುಡುಗಿಯರಿಗೆ ಒಂದು ದಾರಿ

ಬೆಳಗಾವಿಯಲ್ಲಿ ಮೆಡಿಕಲ್ ಓದಲು ಬಂದ ಮಲೇಷ್ಯಾದವರ ಜೊತೆ ಆದ ಸ್ನೇಹ ಇರಬಹುದು. ಬಾದಾಮಿಯ ಮೇಣಬಸದಿ ಹತ್ತಿರ ಫ್ರಾನ್ಸಿನ ಪ್ರವಾಸಿಗಳಿಗೆ ದಾರಿ ತೋರಿಸುತ್ತಾ ಬೆಳೆದ ಪರಿಚಯ ಇರಬಹುದು. ಎನ್‌ಎಸ್‌ಎಸ್‌ನ ರಾಷ್ಟ್ರೀಯ ಏಕತಾ ಶಿಬಿರದಲ್ಲಿ ಅಸ್ಸಾಮು, ಪಂಜಾಬಿನವರ ಜೊತೆ ಒಂದೇ ಕೋಣೆಯಲ್ಲಿ ಕಳೆದ ದಿನಗಳೂ ಇರಬಹುದು. ಇಂಥದ್ದು ಒಮ್ಮೆ ಆದರೆ ಸಾಕು, ಇನ್ನೂ ದೂರ ಹೋಗಿ ಬೇರೆಯವರ ನಡುವೆ ಒಂದಷ್ಟು ಕಾಲ ಇದ್ದು ಕೆಲಸ ಮಾಡಬೇಕು ಅನಿಸುತ್ತದೆ. ಪ್ರವಾಸಕ್ಕಲ್ಲ, ಪಗಾರಕ್ಕೂ ಅಲ್ಲ.

ಈ ಆಸೆ ಒಳ್ಳೆಯದು, ಈಡೇರುವಂಥದ್ದೂ ಹೌದು. ಆದರೆ ಇದನ್ನು ಕೇಳಿಕೊಂಡು ಬರುವ ಹುಡುಗರಲ್ಲಿ ಹೆಚ್ಚಿನವರ ಮೊದಲ ಮಾತೇ ದೇಶದ್ದು. ‘ಸರ್, ಜರ್ಮನಿಗೆ ಹೋಗಬೇಕ್ರಿ.’ ಅಲ್ಲಿಂದ ಶುರು ಮಾಡಿದರೆ ದಾರಿ ನೇರವಾಗಿ ಏಜೆಂಟರ ಅಂಗಡಿಗೆ ಹೋಗುತ್ತದೆ. ಮೊದಲು ನಿಮಗೆ ಏನು ಮಾಡಲು ಬರುತ್ತದೆ ನೋಡಿ. ಆಮೇಲೆ ಭಾರತದ ಪಾಸ್‌ಪೋರ್ಟಿಗೆ ಯಾವ ಬಾಗಿಲು ತೆರೆದಿದೆ ನೋಡಿ. ಆಮೇಲೆ ಖರ್ಚು ಯಾರದು, ವೀಸಾ ಯಾವುದು ಎಂದು ಕೇಳಿ. ಅಷ್ಟಾದ ಮೇಲೆ ದೇಶ ತಾನಾಗೇ ಗೊತ್ತಾಗುತ್ತದೆ.

ಮೊದಲು ನಿಮ್ಮ ಲೆಕ್ಕ ಬರೆಯಿರಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಇಲ್ಲಿಯವರೆಗೆ ಪಗಾರ ಇಲ್ಲದೆ ಯಾರಿಗಾಗಿ ಏನೇನು ಮಾಡಿದ್ದೀರಿ, ಎಲ್ಲವನ್ನೂ ಬರೆಯಿರಿ. ಎನ್‌ಎಸ್‌ಎಸ್‌ನಲ್ಲಿ ಎರಡು ವರ್ಷ ಇದ್ದವರಿಗೆ 240 ಗಂಟೆಯ ಸೇವೆ ಮತ್ತು 7 ದಿನದ ವಿಶೇಷ ಶಿಬಿರದ ದಾಖಲೆ ಇರುತ್ತದೆ. ಆ ಪ್ರಮಾಣಪತ್ರ ಇನ್ನೂ ಕಾಲೇಜಿನ ಕಪಾಟಿನಲ್ಲೇ ಇದ್ದರೆ ನಾಳೆಯೇ ಹೋಗಿ ತನ್ನಿ. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದಾಗ ನೀವು ಇನ್ನೂ ಹೈಸ್ಕೂಲಿನಲ್ಲಿ ಇದ್ದಿರಬಹುದು. ಆದರೂ ಕಾಳಜಿ ಕೇಂದ್ರದಲ್ಲಿ ಊಟ ಬಡಿಸಿದ್ದರೆ, ಹಾಸಿಗೆ ಹಂಚಿದ್ದರೆ, ವಯಸ್ಸಾದವರ ಔಷಧಿ ಚೀಟಿ ಓದಿ ಹೇಳಿದ್ದರೆ ಅದನ್ನೂ ಬರೆಯಿರಿ. ಜಾತ್ರೆಯ ದಾಸೋಹದಲ್ಲಿ ಸಾವಿರಾರು ಜನರಿಗೆ ಅಡುಗೆ ಸಾಗಿಸಿದ್ದು ಕೂಡ ಅನುಭವವೇ. ನಮ್ಮ ಹುಡುಗರು ಇವನ್ನೆಲ್ಲ ‘ಅದೇನು ದೊಡ್ಡದು’ ಅಂತ ಬಿಟ್ಟುಬಿಡುತ್ತಾರೆ. ವಿದೇಶದಲ್ಲಿ ಸ್ವಯಂಸೇವಕರನ್ನು ತೆಗೆದುಕೊಳ್ಳುವವರು ಹುಡುಕುವುದು ಅದನ್ನೇ.

ಅರ್ಜಿಯಲ್ಲಿ ಭಾಷೆಯ ಕಾಲಂ ಸುಮ್ನೆ ತುಂಬಬೇಡಿ. ಬೆಳಗಾವಿಯ ಹುಡುಗಿಯೊಬ್ಬಳು ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಪೇಟೆಯಲ್ಲಿ ಹಿಂದಿ, ಗೆಳತಿಯ ಮನೆಯಲ್ಲಿ ಉರ್ದು ಮಾತಾಡುತ್ತಾಳೆ. ಎದುರಿನವರ ಮುಖ ನೋಡಿ ಭಾಷೆ ಬದಲಿಸುವುದು ಅವಳಿಗೆ ಸಹಜ. ಬೇರೆ ಬೇರೆ ದೇಶದವರು ಸೇರಿ ಕೆಲಸ ಮಾಡುವ ಕಡೆ ಇದಕ್ಕೆ ತುಂಬಾ ಬೆಲೆ ಇದೆ. ನಾಲ್ಕೂ ಭಾಷೆ ಬರೆಯಿರಿ, ಓದಲು ಎಷ್ಟು ಬರುತ್ತದೆ, ಮಾತಾಡಲು ಎಷ್ಟು ಬರುತ್ತದೆ ಅನ್ನುವುದನ್ನೂ ಸೇರಿಸಿ.

ಇನ್ನು ಬೇರೆ ಸಂಸ್ಕೃತಿಯವರ ಜೊತೆಗಿನ ಅನುಭವ. ಇಲ್ಲಿ ಎಲ್ಲರೂ ‘ವಿವಿಧ ಸಂಸ್ಕೃತಿಗಳ ಬಗ್ಗೆ ನನಗೆ ಆಸಕ್ತಿ ಇದೆ’ ಎಂದು ಬರೆದು ಮುಗಿಸುತ್ತಾರೆ. ಅದರಿಂದ ಓದುವವರಿಗೆ ನಿಮ್ಮ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಒಂದು ಘಟನೆ ಬರೆಯಿರಿ, ಅದರಲ್ಲೂ ಸ್ವಲ್ಪ ಇರಿಸುಮುರಿಸಾದ ಘಟನೆ. ಉದಾಹರಣೆಗೆ, ಮನೆಗೆ ಬಂದ ವಿದೇಶಿ ಅತಿಥಿ ತಾಟಿನಲ್ಲಿ ಬಿಡಬಾರದು ಅಂತ ಎಲ್ಲ ಖಾಲಿ ಮಾಡುತ್ತಾರೆ. ತಾಟು ಖಾಲಿ ಆಯಿತು, ಹಸಿವೆ ಇನ್ನೂ ಇದೆ ಅಂತ ಅವ್ವ ಇನ್ನೊಂದು ರೊಟ್ಟಿ ಹಾಕುತ್ತಾರೆ. ಇಬ್ಬರೂ ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತಲೇ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ. ಅದು ನಿಮಗೆ ಯಾವಾಗ ಹೊಳೆಯಿತು, ಆಗ ಏನು ಮಾಡಿದಿರಿ ಎಂದು ಬರೆದರೆ ನೀವು ಎಂಥವರು ಎಂದು ಓದುವವರಿಗೆ ತಿಳಿಯುತ್ತದೆ. ಸಂದರ್ಶನದಲ್ಲೂ ಇಂಥದ್ದನ್ನೇ ಕೇಳುತ್ತಾರೆ: ಯಾರ ಜೊತೆಗಾದರೂ ತಪ್ಪು ತಿಳಿವಳಿಕೆ ಆಗಿತ್ತಾ, ಹೇಗೆ ಸರಿಪಡಿಸಿದಿರಿ?

ಮುಚ್ಚಿದ ಬಾಗಿಲುಗಳು

ಇದನ್ನು ಮೊದಲೇ ಹೇಳಿಬಿಡುತ್ತೇನೆ, ತಿಂಗಳುಗಟ್ಟಲೆ ಸಮಯ ಉಳಿಯುತ್ತದೆ. ಹೊರದೇಶಗಳಿಗೆ ಸೇವೆಗೆ ಕಳಿಸುವ ಅಮೆರಿಕ ಸರ್ಕಾರದ ಪೀಸ್ ಕೋರ್ ಅಮೆರಿಕದ ಪ್ರಜೆಗಳಿಗೆ ಮಾತ್ರ. ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾ ಕಳಿಸುವ ಸ್ವಯಂಸೇವಕರು ಜಪಾನಿನವರೇ. ಯುರೋಪ್ ಒಕ್ಕೂಟದ ಸ್ವಯಂಸೇವಾ ಕಾರ್ಯಕ್ರಮ ಯುರೋಪಿಯನ್ ಸಾಲಿಡಾರಿಟಿ ಕೋರ್ ಬಗ್ಗೆ ‘ಎಲ್ಲ ಖರ್ಚು ಉಚಿತ’ ಅನ್ನುವ ವಿಡಿಯೊಗಳು ಬಹಳ ಓಡಾಡುತ್ತವೆ. ಅದು ನಿಜ, ಆದರೆ ಯುರೋಪ್ ಒಕ್ಕೂಟ ಮತ್ತು ಅದರ ಸುತ್ತಲಿನ ದೇಶಗಳ ಯುವಕರಿಗೆ. ಭಾರತದಲ್ಲಿ ವಾಸ ಇರುವವರಿಗೆ ಆ ಅವಕಾಶ ಇಲ್ಲ.

ತೆರೆದಿರುವ ಬಾಗಿಲುಗಳು

ಎಲ್ಲಕ್ಕಿಂತ ಸಣ್ಣದು, ಮೊದಲ ಸಲಕ್ಕೆ ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯದು, ವರ್ಕ್‌ಕ್ಯಾಂಪ್. ಎರಡು ಮೂರು ವಾರದ ಶಿಬಿರ. ಬೇರೆ ಬೇರೆ ದೇಶದ ಯುವಕರು ಒಂದು ಊರಿನಲ್ಲಿ ಸೇರಿ ಕಾಡಿನ ದಾರಿ ಸರಿ ಮಾಡುತ್ತಾರೆ, ಹಳೆಯ ಕಟ್ಟಡ ದುರಸ್ತಿ ಮಾಡುತ್ತಾರೆ, ಮಕ್ಕಳ ಬೇಸಿಗೆ ಶಿಬಿರಕ್ಕೆ ನೆರವಾಗುತ್ತಾರೆ. ಊಟ, ವಸತಿ ಅವರದು. ಪ್ರಯಾಣ, ವೀಸಾ ಮತ್ತು ಒಂದು ಸಣ್ಣ ನೋಂದಣಿ ಶುಲ್ಕ ನಿಮ್ಮದು. ಈ ಪದ್ಧತಿಯ ಬೇರು ಮೊದಲ ಮಹಾಯುದ್ಧದ ನಂತರದ್ದು. 1920ರಲ್ಲಿ ಸ್ವಿಟ್ಜರ್ಲೆಂಡಿನ ಪಿಯೆರ್ ಸೆರೆಸೋಲ್ ಕೆಲವರನ್ನು ಕಟ್ಟಿಕೊಂಡು ಫ್ರಾನ್ಸಿನ ವರ್ಡನ್ ಹತ್ತಿರ, ಯುದ್ಧದಲ್ಲಿ ನೆಲಸಮವಾಗಿದ್ದ ಹಳ್ಳಿಯೊಂದನ್ನು ಮತ್ತೆ ಕಟ್ಟಲು ಹೋದರು. ಆ ತಂಡದಲ್ಲಿ ಜರ್ಮನ್ನರೂ ಇದ್ದರು. ಅಲ್ಲಿಂದ ಹುಟ್ಟಿದ ಸಂಸ್ಥೆ ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್. 1934ರ ಬಿಹಾರ ಭೂಕಂಪದ ನಂತರ ಇದೇ ಸೆರೆಸೋಲ್ ಬಿಹಾರಕ್ಕೆ ಬಂದು ಹಳ್ಳಿ ಕಟ್ಟುವ ಕೆಲಸ ಮಾಡಿದರು. ಈ ಸಂಸ್ಥೆಗೆ ಭಾರತದಲ್ಲೂ ಶಾಖೆ ಇದೆ. ಶಿಬಿರಗಳಿಗೆ ಅರ್ಜಿ ನಿಮ್ಮ ದೇಶದ ಶಾಖೆಯ ಮೂಲಕವೇ ಹೋಗಬೇಕು.

ಯುರೋಪಿನ ಶಿಬಿರಗಳು ಹೆಚ್ಚಾಗಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅಲ್ಲಿನ ಬೇಸಿಗೆಯಲ್ಲಿ. ನಮ್ಮ ಕಡೆ ಅದು ಮುಂಗಾರು ಬಿತ್ತನೆಯ ಹೊತ್ತು. ಮನೆಯಲ್ಲಿ ಹೊಲ ಇದ್ದರೆ ಜುಲೈ ಕೊನೆ ಅಥವಾ ಆಗಸ್ಟಿನ ಶಿಬಿರ ಆರಿಸಿ. ಕಬ್ಬು ನುರಿಸುವ ಹಂಗಾಮು ಶುರುವಾಗುವ ಮೊದಲೇ ಮರಳಿ ಬಂದಿರುತ್ತೀರಿ.

ಯುರೋಪಿನ ಟಿಕೆಟ್ ಕೈಗೆಟಕದಿದ್ದರೆ ನೇಪಾಳದಿಂದ ಶುರು ಮಾಡಿ. ನಮಗೆ ಅಲ್ಲಿಗೆ ವೀಸಾ ಬೇಡ. ರೈಲಿನಲ್ಲಿ ಗೋರಖಪುರದವರೆಗೆ ಹೋಗಿ ಅಲ್ಲಿಂದ ಬಸ್ ಹಿಡಿದು ಗಡಿ ದಾಟಬಹುದು. ಭಾಷೆ, ಊಟ ಎರಡೂ ತೀರಾ ಹೊಸದಲ್ಲ. ಆದರೂ ಅದು ಬೇರೆ ದೇಶವೇ, ಅಲ್ವಾ? ಮೊದಲ ಅನುಭವ ಅಲ್ಲಿ ಆದರೆ ಮುಂದಿನ ಅರ್ಜಿಗೆ ತೂಕ ಬರುತ್ತದೆ.

ವರ್ಷಪೂರ್ತಿ ಹೋಗುವವರಿಗೆ ಜರ್ಮನಿ ನಿಜಕ್ಕೂ ತೆರೆದಿರುವ ದೇಶ. ಅಲ್ಲಿ ಎಫ್‌ಎಸ್‌ಜೆ ಎಂಬ ಸಾಮಾಜಿಕ ಸೇವಾ ವರ್ಷ ಇದೆ. 27 ತುಂಬುವ ಮೊದಲು ಸೇರಬೇಕು. ಬಿಎಫ್‌ಡಿ ಎಂಬ ಇನ್ನೊಂದಕ್ಕೆ ಮೇಲಿನ ವಯಸ್ಸಿನ ಮಿತಿ ಇಲ್ಲ. ಕೆಲಸ ವೃದ್ಧಾಶ್ರಮ, ಆಸ್ಪತ್ರೆ, ಶಿಶುವಿಹಾರ, ಅಂಗವಿಕಲರ ವಸತಿಗಳಲ್ಲಿ. ಸಾಮಾನ್ಯವಾಗಿ 12 ತಿಂಗಳು, ಹೆಚ್ಚೆಂದರೆ 18. ಕೈಖರ್ಚಿಗೆ ತಿಂಗಳಿಗೆ ಕೆಲವು ನೂರು ಯೂರೋ ಕೊಡುತ್ತಾರೆ, ಆರೋಗ್ಯ ವಿಮೆ ಮಾಡಿಸುತ್ತಾರೆ, ಬಹಳ ಕಡೆ ಊಟ ವಸತಿಯೂ ಸಿಗುತ್ತದೆ. ವರ್ಷದಲ್ಲಿ 25 ದಿನ ತರಬೇತಿ ಶಿಬಿರ ಕಡ್ಡಾಯ. ಕಾರಿತಾಸ್, ಡಿಯಾಕೊನಿ, ಜರ್ಮನ್ ರೆಡ್ ಕ್ರಾಸ್, ಎಡಬ್ಲ್ಯೂಒ ಇವು ಜನರನ್ನು ತೆಗೆದುಕೊಳ್ಳುವ ದೊಡ್ಡ ಸಂಸ್ಥೆಗಳು. ಮೊದಲೆರಡು ಚರ್ಚಿಗೆ ಸೇರಿದವು, ಆದರೆ ಬೇರೆ ಧರ್ಮದವರನ್ನೂ ತೆಗೆದುಕೊಳ್ಳುತ್ತವೆ. ಅವುಗಳಿಗೆ ನೀವೇ ನೇರವಾಗಿ ಅರ್ಜಿ ಹಾಕಬಹುದು, ಮಧ್ಯವರ್ತಿ ಬೇಡ. ಈ ಕೆಲಸ ಕೊಡಿಸುತ್ತೇನೆ ಅಂತ ಯಾರಾದರೂ ಲಕ್ಷಗಟ್ಟಲೆ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಇಲ್ಲಿ ದೊಡ್ಡ ಅಡ್ಡಿ ಭಾಷೆ. ವೃದ್ಧಾಶ್ರಮದ ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಸಂಸ್ಥೆಗಳು ಸಾಮಾನ್ಯವಾಗಿ ಎ2 ಅಥವಾ ಬಿ1 ಮಟ್ಟದ ಜರ್ಮನ್, ಅಂದರೆ ದಿನನಿತ್ಯದ ಮಾತು ನಡೆಸುವಷ್ಟು ಭಾಷೆ ಕೇಳುತ್ತವೆ. ಕೆಲಸದ ಜೊತೆ ಕಲಿತರೆ ಒಂದು ವರ್ಷ ಹಿಡಿಯುತ್ತದೆ ಅಂದುಕೊಳ್ಳಿ. ಮ್ಯಾಕ್ಸ್‌ಮುಲ್ಲರ್ ಭವನ, ಅಂದರೆ ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಸಂಸ್ಥೆ, ಬೆಂಗಳೂರಿನಲ್ಲೂ ಇದೆ, ಪುಣೆಯಲ್ಲೂ ಇದೆ. ನಮ್ಮ ಮೂರೂ ಜಿಲ್ಲೆಯವರು ಅಭ್ಯಾಸಬಲದಿಂದ ಬೆಂಗಳೂರು ಅನ್ನುತ್ತಾರೆ. ಬೆಳಗಾವಿಯವರಿಗೆ ಮೀರಜ್ ಮೇಲೆ, ವಿಜಯಪುರದವರಿಗೆ ಸೊಲ್ಲಾಪುರದ ಮೇಲೆ ಪುಣೆಯೇ ಹತ್ತಿರ. ಪರೀಕ್ಷೆಗೆ ಅಲ್ಲಿಗೇ ಹೋಗಿ. ವೀಸಾಕ್ಕೆ ಮಾತ್ರ ನೀವು ಕರ್ನಾಟಕದವರಾದ್ದರಿಂದ ಬೆಂಗಳೂರಿಗೆ ಹೋಗಬೇಕು.

ಹೆಚ್ಚಿನವರು ಆಗಸ್ಟ್ ಅಥವಾ ಸೆಪ್ಟೆಂಬರಿನಲ್ಲಿ ಸೇರುತ್ತಾರೆ. ಹಾಗಾಗಿ ಹಿಂದಿನ ವರ್ಷದ ದೀಪಾವಳಿ ಹೊತ್ತಿಗೆ ಅರ್ಜಿ ಹೊರಡಲಿ. ಜರ್ಮನ್ ಸರ್ಕಾರದ ವೆಲ್ಟ್‌ವೆರ್ಟ್ಸ್ ಎಂಬ ಕಾರ್ಯಕ್ರಮ 2008ರಲ್ಲಿ ಶುರುವಾಯಿತು. ಮೊದಲು ಜರ್ಮನ್ ಯುವಕರು ಮಾತ್ರ ಹೊರದೇಶಗಳಿಗೆ ಹೋಗುತ್ತಿದ್ದರು. 2013ರಿಂದ ನಮ್ಮಂಥ ದೇಶಗಳ ಯುವಕರು ಅಲ್ಲಿಗೆ ಹೋಗುವ ದಾರಿಯೂ ತೆರೆಯಿತು. ಇದರಲ್ಲಿ ಖರ್ಚಿನ ಬಹುಪಾಲು ಕಾರ್ಯಕ್ರಮದ್ದೇ. ಆದರೆ ಇಲ್ಲಿನ ಪಾಲುದಾರ ಸಂಸ್ಥೆಯೊಂದು ನಿಮ್ಮನ್ನು ಆರಿಸಿ ಕಳಿಸಬೇಕು. 1949ರಿಂದ ಯುವಕರ ವಿನಿಮಯ ನಡೆಸುತ್ತಿರುವ ಐಸಿವೈಇ ಜಾಲವನ್ನೂ ವಿಚಾರಿಸಿ ನೋಡಿ.

ಬ್ರಿಟನ್ನಿಗೆ ಚಾರಿಟಿ ವರ್ಕರ್ ವೀಸಾ ಇದೆ, ಹೆಚ್ಚೆಂದರೆ 12 ತಿಂಗಳಿಗೆ. ಅಲ್ಲಿನ ಪರವಾನಗಿ ಪಡೆದ ಸೇವಾ ಸಂಸ್ಥೆ ನಿಮಗೆ ಪ್ರಾಯೋಜನೆ ಪತ್ರ ಕೊಡಬೇಕು, ಕೆಲಸ ಪಗಾರ ಇಲ್ಲದ್ದೇ ಆಗಿರಬೇಕು. 6 ತಿಂಗಳಿಗಿಂತ ಜಾಸ್ತಿ ಇರುವುದಾದರೆ ಕ್ಷಯರೋಗದ ಪರೀಕ್ಷೆ ಬೇಕು. ವರ್ಷದ ಆರೋಗ್ಯ ಶುಲ್ಕವೇ ಸಾವಿರ ಪೌಂಡ್ ದಾಟುತ್ತದೆ. ಆ ಹಣ ಯಾರು ಕಟ್ಟುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ.

ವಿಶ್ವಸಂಸ್ಥೆಯ ಸ್ವಯಂಸೇವಕರ ಕಾರ್ಯಕ್ರಮದ ಮುಖ್ಯ ಕಚೇರಿ ಜರ್ಮನಿಯ ಬಾನ್‌ನಲ್ಲಿದೆ. 18ರಿಂದ 26 ವಯಸ್ಸಿನವರಿಗೆ ಯುವ ಸ್ವಯಂಸೇವಕ ಎಂಬ ವಿಭಾಗ ಇದೆ. ಜೀವನ ಭತ್ಯೆ ಕೊಡುತ್ತಾರೆ, ನೋಂದಣಿಗೆ ಒಂದು ರೂಪಾಯಿಯೂ ಇಲ್ಲ. ಪೈಪೋಟಿ ಜಾಸ್ತಿ, ನಿಜ. ಅದಕ್ಕೇ ಅವರ ಆನ್‌ಲೈನ್ ಸ್ವಯಂಸೇವೆಯಿಂದ ಶುರು ಮಾಡಿ. 18 ದಾಟಿದ ಯಾರಾದರೂ ಮನೆಯಿಂದಲೇ ಅನುವಾದ, ವಿನ್ಯಾಸ, ಡೇಟಾ ಕೆಲಸ ಮಾಡಿಕೊಡಬಹುದು. ಮುಧೋಳದಲ್ಲಿ ಕೂತು ಬೇರೆ ದೇಶದ ತಂಡದ ಜೊತೆ ಕೆಲಸ ಮಾಡಿದ ದಾಖಲೆ ಸಿಗುತ್ತದೆ, ಖರ್ಚು ಇಂಟರ್‌ನೆಟ್‌ದು ಮಾತ್ರ.

ನರ್ಸಿಂಗ್, ಮೆಡಿಕಲ್ ಮುಗಿಸಿದವರು ಎರಡು ವರ್ಷ ಇಲ್ಲಿ ಕೆಲಸ ಮಾಡಿ, ಆಮೇಲೆ ಎಂಎಸ್‌ಎಫ್‌ನಂಥ ವೈದ್ಯಕೀಯ ಸಂಸ್ಥೆಗಳ ಕಡೆ ನೋಡಿ. ಅಲ್ಲಿ ಪಗಾರವೂ ಇರುತ್ತದೆ.

ಅಲ್ಲಿ ನಿಮ್ಮನ್ನು ಕರೆದವರು ಯಾರು?

ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಪ್ರಶ್ನೆ. ಹಣ ಕಟ್ಟಿಸಿಕೊಂಡು ಎರಡು ವಾರ ಅನಾಥಾಶ್ರಮದಲ್ಲಿ ಮಕ್ಕಳ ಜೊತೆ ಆಡಲು, ಪಾಠ ಹೇಳಲು ಕಳಿಸುವ ಕಂಪನಿಗಳಿವೆ. ಫೋಟೊ ಚೆನ್ನಾಗಿ ಬರುತ್ತವೆ. ಆದರೆ ಇಂಥ ಎಷ್ಟೋ ಕಡೆ ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿರುತ್ತಾರೆ. ಬರುವ ವಿದೇಶಿಯರ ಹಣಕ್ಕಾಗಿ ಮಕ್ಕಳನ್ನು ಮನೆಯಿಂದ ತಂದು ಇಟ್ಟುಕೊಂಡಿರುತ್ತಾರೆ. ಎರಡು ವಾರಕ್ಕೊಬ್ಬ ಅಣ್ಣ, ಅಕ್ಕ ಬಂದು ಪ್ರೀತಿ ಹಚ್ಚಿ ಹೋಗುವುದು ಆ ಮಕ್ಕಳ ಮನಸ್ಸಿಗೆ ಗಾಯ. 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೇ ಮಕ್ಕಳ ಹಕ್ಕಿನ ನಿರ್ಣಯದಲ್ಲಿ ಇದರ ಕೇಡನ್ನು ಗುರುತಿಸಿತು. ದಯವಿಟ್ಟು ಹೋಗಬೇಡಿ.

ಯಾವ ಕೆಲಸಕ್ಕೂ ಒಂದು ಪರೀಕ್ಷೆ ಇದೆ. ಬಿ.ಎಡ್ ಆಗದ, ಕನ್ನಡ ಬರದ 19 ವರ್ಷದ ವಿದೇಶಿ ಹುಡುಗ ಎರಡು ವಾರ ನಿಮ್ಮೂರಿನ ಶಾಲೆಯಲ್ಲಿ ಪಾಠ ಮಾಡುತ್ತೇನೆ ಅಂದರೆ ನೀವು ಒಪ್ಪುತ್ತೀರಾ? ಒಪ್ಪದಿದ್ದರೆ ಅಂಥದ್ದನ್ನು ಬೇರೆಯವರ ಊರಿನಲ್ಲಿ ನೀವೂ ಮಾಡಬೇಡಿ. ಅದೇ ಹುಡುಗ ನಿಮ್ಮೂರಿನ ಮೇಷ್ಟ್ರ ಕೈಕೆಳಗೆ ಗ್ರಂಥಾಲಯ ಜೋಡಿಸಿಕೊಟ್ಟರೆ ಬೇಡ ಅನ್ನುತ್ತೀರಾ? ಅಂಥ ಕೆಲಸ ಹುಡುಕಿ.

ಸಂಸ್ಥೆಗೆ ಇಮೇಲ್ ಬರೆದು ಇಷ್ಟನ್ನು ಕೇಳಿ: ದಿನಕ್ಕೆ ಎಷ್ಟು ಗಂಟೆ ಕೆಲಸ, ವಾರಕ್ಕೆ ಎಷ್ಟು ರಜೆ, ವಸತಿ ಎಲ್ಲಿ, ವಿಮೆ ಯಾರದು, ಕಟ್ಟುವ ಹಣ ಯಾವುದಕ್ಕೆ ಹೋಗುತ್ತದೆ, ಕಳೆದ ವರ್ಷ ಬಂದವರಲ್ಲಿ ಇಬ್ಬರ ಜೊತೆ ಮಾತಾಡಬಹುದೇ? ಒಳ್ಳೆಯ ಸಂಸ್ಥೆ ಒಂದು ವಾರದೊಳಗೆ ಸ್ಪಷ್ಟ ಉತ್ತರ ಕೊಡುತ್ತದೆ. ಮಕ್ಕಳ ಜೊತೆ ಕೆಲಸ ಇದ್ದೂ ನಿಮ್ಮ ಹತ್ತಿರ ಪೊಲೀಸ್ ಪ್ರಮಾಣಪತ್ರ ಕೇಳದ ಸಂಸ್ಥೆಯನ್ನು ನಂಬಬೇಡಿ.

ಕಾಂಬೋಡಿಯಾ, ಮ್ಯಾನ್ಮಾರ್, ಲಾವೋಸ್ ಕಡೆ ‘ಡೇಟಾ ಕೆಲಸ’ ಅಂತ ಕರೆದೊಯ್ದು ಸೈಬರ್ ವಂಚನೆಯ ಅಡ್ಡೆಗಳಲ್ಲಿ ಕೂಡಿಹಾಕಿದ ಪ್ರಕರಣಗಳಲ್ಲಿ ನಮ್ಮ ದೇಶದ ಎಷ್ಟೋ ಯುವಕರು ಸಿಕ್ಕಿದ್ದಾರೆ. ವಾಟ್ಸ್‌ಆ್ಯಪ್‌ನಲ್ಲೇ ಆಯ್ಕೆ, ಟಿಕೆಟ್ ಅವರದೇ, ವೀಸಾ ಮಾತ್ರ ಟೂರಿಸ್ಟ್ ಅಂದರೆ ಹೋಗಬೇಡಿ. ಕೆಲಸಕ್ಕೆ ಕಳಿಸುವ ಏಜೆಂಟ್ ನೋಂದಾಯಿತನೇ ಎಂದು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ಕಾನೂನಿನ ಪ್ರಕಾರ ಅವನು ತೆಗೆದುಕೊಳ್ಳಬಹುದಾದ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ಊಟ ವಸತಿಗೆ ಪ್ರತಿಯಾಗಿ ತೋಟದಲ್ಲಿ ಕೆಲಸ ಮಾಡುವ ಆ್ಯಪ್‌ಗಳ ವಿಷಯದಲ್ಲೂ ಎಚ್ಚರ ಇರಲಿ. ಬಹಳ ದೇಶಗಳಲ್ಲಿ ಅದನ್ನೂ ಕೆಲಸ ಅಂತಲೇ ಲೆಕ್ಕ ಹಾಕುತ್ತಾರೆ. ಟೂರಿಸ್ಟ್ ವೀಸಾದಲ್ಲಿ ಹೋದರೆ ವಿಮಾನ ನಿಲ್ದಾಣದಿಂದಲೇ ವಾಪಸ್ ಕಳಿಸಬಹುದು.

ಕಾಗದ ಪತ್ರ

ಪಾಸ್‌ಪೋರ್ಟ್ ಇಲ್ಲದಿದ್ದರೆ ಇವತ್ತೇ ಶುರು ಮಾಡಿ. 36 ಪುಟದ್ದಕ್ಕೆ 1,500 ರೂಪಾಯಿ, ತತ್ಕಾಲ್‌ಗೆ ಇನ್ನೂ 2,000. ಹುಬ್ಬಳ್ಳಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ಅಂಚೆ ಕಚೇರಿಯ ಕೇಂದ್ರಗಳಲ್ಲಿ ಹತ್ತಿರದ್ದು ಯಾವುದು ಎಂಬುದು ಅರ್ಜಿ ತುಂಬುವಾಗ ಕಾಣುತ್ತದೆ. 10ನೇ ತರಗತಿಯ ಮಾರ್ಕ್ಸ್‌ಕಾರ್ಡ್ ಜೊತೆಗೆ ಕೊಡಿ. ಇಲ್ಲದಿದ್ದರೆ ಪಾಸ್‌ಪೋರ್ಟಿಗೆ ಇಸಿಆರ್ ಮುದ್ರೆ (ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕು ಎನ್ನುವ ಗುರುತು) ಬೀಳುತ್ತದೆ.

ನಮ್ಮ ಕಡೆ ತಡವಾಗುವುದು ಹೆಸರಿನಿಂದ. ಮಾರ್ಕ್ಸ್‌ಕಾರ್ಡಿನಲ್ಲಿ ಬರೀ ಇನಿಷಿಯಲ್, ಆಧಾರದಲ್ಲಿ ಅಪ್ಪನ ಹೆಸರು ನಡುವೆ, ಪ್ಯಾನ್‌ನಲ್ಲಿ ಅಡ್ಡಹೆಸರು ಮುಂದೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಪೂರ್ತಿ ಬಿಡಿಸಿ ಬರೆಯಬೇಕು. ಎಲ್ಲ ದಾಖಲೆಗಳನ್ನೂ ಒಂದೇ ಥರ ಮಾಡಿಸಿಕೊಂಡ ಮೇಲೆ ಅರ್ಜಿ ಹಾಕಿ. ಪೊಲೀಸ್ ಪ್ರಮಾಣಪತ್ರವೂ ಪಾಸ್‌ಪೋರ್ಟ್ ತಾಣದಲ್ಲೇ ಸಿಗುತ್ತದೆ, 500 ರೂಪಾಯಿ. ಪದವಿ ಪತ್ರಕ್ಕೆ ಅಪಾಸ್ಟಿಲ್, ಅಂದರೆ ಪತ್ರ ಅಸಲಿ ಎಂದು ವಿದೇಶದವರು ಒಪ್ಪಲು ಸರ್ಕಾರ ಹಾಕುವ ಮುದ್ರೆ, ಕೇಳಿದರೆ ಮಾತ್ರ ಮಾಡಿಸಿ.

ಯುರೋಪಿನ ಶಿಬಿರಕ್ಕೆ ಸಾಮಾನ್ಯವಾಗಿ ಷೆಂಗೆನ್ ವೀಸಾ, ಅಂದರೆ ಅಲ್ಲಿನ ಬಹಳಷ್ಟು ದೇಶಗಳಿಗೆ ಒಟ್ಟಿಗೇ ನಡೆಯುವ ವೀಸಾ ಬೇಕು. ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆ ಕಡ್ಡಾಯ. ಪ್ರಯಾಣಕ್ಕೆ 6 ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು. ಬೇಸಿಗೆಯಲ್ಲಿ ದಿನಾಂಕ ಸಿಗುವುದು ಕಷ್ಟ, ಆದ್ದರಿಂದ ಆಹ್ವಾನ ಪತ್ರ ಕೈಗೆ ಬಂದ ದಿನವೇ ಬುಕ್ ಮಾಡಿ. ಸಂದರ್ಶನದಲ್ಲಿ ನೀವು ಮರಳಿ ಬರುತ್ತೀರಿ ಅನ್ನುವುದನ್ನು ತೋರಿಸಬೇಕು. ಮುಂದಿನ ಸೆಮಿಸ್ಟರಿನ ಶುಲ್ಕದ ರಸೀದಿ, ಕೆಲಸದ ಕಡೆಯ ರಜೆ ಪತ್ರ, ಮನೆಯ ಹೊಲದ ಉತಾರ ಇವೆಲ್ಲ ನೆರವಿಗೆ ಬರುತ್ತವೆ. ಆಫ್ರಿಕಾದಲ್ಲಿ ಹಳದಿ ಜ್ವರ ಇರುವ ದೇಶಗಳಿಗೆ ಹೋಗುವವರು ಅದರ ಲಸಿಕೆಯನ್ನು ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಬೇಕು. ಆ ಕಾರ್ಡ್ ಇಲ್ಲದೆ ಮರಳಿ ಬಂದರೆ ಇಲ್ಲಿ ಪ್ರತ್ಯೇಕವಾಗಿ ಇಡುತ್ತಾರೆ.

ಮನೆಯವರ ಜೊತೆ ಮಾತು

‘ಪಗಾರ ಇಲ್ಲಂತಿ, ಮತ್ತ ಅಷ್ಟು ದೂರ ಯಾಕ ಹೋಗ್ತಿ?’ ಅಪ್ಪ ಹೀಗೆ ಕೇಳಿದರೆ ಸಿಟ್ಟು ಮಾಡಬೇಡಿ, ಪ್ರಶ್ನೆ ಸರಿಯಾಗಿಯೇ ಇದೆ. ಒಂದು ಹಾಳೆಯಲ್ಲಿ ಸಂಸ್ಥೆಯ ವಿಳಾಸ, ಅಲ್ಲಿನ ಸಂಯೋಜಕರ ಫೋನ್, ಹೋಗುವ ಬರುವ ದಿನ, ಒಟ್ಟು ಖರ್ಚು, ವಿಮೆಯ ನಂಬರ್ ಬರೆದು ಅವರ ಮುಂದೆ ಇಡಿ. ಸಂಯೋಜಕರ ಜೊತೆ ವಿಡಿಯೊ ಕಾಲ್ ಮಾಡಿಸಿ, ನೀವೇ ಅನುವಾದ ಮಾಡಿ. ಹೆಣ್ಣುಮಕ್ಕಳು ಕೋಣೆಗೆ ಒಳಗಿನಿಂದ ಚಿಲಕ ಇದೆಯೇ, ಜೊತೆಗೆ ಯಾರಿರುತ್ತಾರೆ, ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಸಾಲ ಮಾಡಿ ಹೋಗಬೇಡಿ. ಈ ವರ್ಷ ಹಣ ಆಗದಿದ್ದರೆ ಮುಂದಿನ ವರ್ಷವೂ ಶಿಬಿರ ಇರುತ್ತದೆ.

ಊಟದ ವಿಷಯ ಅರ್ಜಿಯಲ್ಲೇ ಸ್ಪಷ್ಟವಾಗಿ ಬರೆಯಿರಿ. ಮೊಟ್ಟೆಯೂ ತಿನ್ನುವುದಿಲ್ಲ ಅಂದರೆ ಅದನ್ನೂ ಹೇಳಿ. ಹೋಗುವ ಮುಂಚೆ ಅನ್ನ, ಬೇಳೆ, ಪಲ್ಯ ಮಾಡಲು ಕಲಿಯಿರಿ, ಹುಡುಗರೂ ಅಷ್ಟೇ. ಶಿಬಿರದಲ್ಲಿ ಸರದಿಯ ಮೇಲೆ ಎಲ್ಲರಿಗೂ ಅಡುಗೆ ಮಾಡಬೇಕಾಗುತ್ತದೆ. ಬೆಳಗಾವಿ ಕುಂದಾ ಒಯ್ಯುವ ಆಸೆ ಸಹಜ, ಆದರೆ ಅದು ಹಾಲಿನದು. ಯುರೋಪಿಗೆ ಹೊರಗಿನಿಂದ ಹಾಲು, ಮಾಂಸದ ಪದಾರ್ಥ ತರಲು ಬಿಡುವುದಿಲ್ಲ. ಶೇಂಗಾ ಚಟ್ನಿ ಒಯ್ಯಿರಿ.

ಅಲ್ಲಿ ಇಳಿದ ಮೇಲೆ

ಪಾಸ್‌ಪೋರ್ಟ್, ವೀಸಾ, ವಿಮೆ, ಒಪ್ಪಂದ ಪತ್ರ ಇವುಗಳ ನಕಲು ಮನೆಯಲ್ಲಿ ಒಂದು, ಇಮೇಲ್‌ನಲ್ಲಿ ಒಂದು ಇರಲಿ. ಮೂಲ ಪಾಸ್‌ಪೋರ್ಟನ್ನು ‘ನಮ್ಮ ಹತ್ತಿರ ಇರಲಿ’ ಅಂತ ಯಾರು ಕೇಳಿದರೂ ಕೊಡಬೇಡಿ. ಒಪ್ಪಂದದಲ್ಲಿ ಇಲ್ಲದ ಕೆಲಸ ಹೇಳಿದರೆ ಮೊದಲ ವಾರದಲ್ಲೇ ಸಂಯೋಜಕರಿಗೆ ಬರಹದಲ್ಲಿ ತಿಳಿಸಿ, ತಿಂಗಳುಗಟ್ಟಲೆ ಸಹಿಸಿಕೊಂಡು ಕೂರಬೇಡಿ. ಅಲ್ಲಿಯೂ ಪರಿಹಾರ ಸಿಗದಿದ್ದರೆ ಭಾರತದ ರಾಯಭಾರ ಕಚೇರಿ ಇದೆ. ವಿದೇಶಾಂಗ ಇಲಾಖೆಯ ಮದದ್ ತಾಣದಲ್ಲಿ ದೂರು ದಾಖಲಿಸಿದರೆ ಅದು ಆ ಕಚೇರಿಗೆ ಹೋಗುತ್ತದೆ. ಹೊರಡುವ ಮುಂಚೆ ಆ ಕಚೇರಿಯ ತುರ್ತು ನಂಬರನ್ನು ಮೊಬೈಲಿನಲ್ಲೂ ಉಳಿಸಿಕೊಳ್ಳಿ, ಒಂದು ಚೀಟಿಯಲ್ಲೂ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ.